ಸಹಾಯ ಬೇಕು: ಯಾಡಿಫ್ ಮೊದಲೋ, ಸ್ಕೇಲ್ ಮೊದಲೋ?

ಕಲಬುರಗಿ ಶರಣಬಸವೇಶ್ವರ ಜಾತ್ರಿ ತೇರು ಲೈವ್ ಕೊಡೋದದ. ಕ್ಯಾಮೆರಾದಿಂದ ಬರೋದು 1080 ಗೆರಿ ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಫೀಲ್ಡ್ (ಫೀಲ್ಡ್ ಅಂದ್ರ ಒಂದು ಬಿಟ್ಟು ಒಂದು ಗೆರಿ ಇರೋ ಅರ್ಧ ಚಿತ್ರ). ಕಳಿಸೋದು 720 ಗೆರಿ, ಸೆಕೆಂಡಿಗೆ 50 ಫ್ರೇಮ್, ಅಂದ್ರ ಪೂರ್ತಿ ಚಿತ್ರ.

ವಿಡಿಯೊ ಬದಲಿಸೋ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್‌ನ್ಯಾಗ 'ಯಾಡಿಫ್=1' (ಪ್ರತಿ ಫೀಲ್ಡನ್ನ ಪೂರ್ತಿ ಫ್ರೇಮ್ ಮಾಡೋ ಫಿಲ್ಟರ್), ಆಮೇಲೆ 'ಸ್ಕೇಲ್=1280:720' (ಅಳತಿ ಇಳಿಸೋ ಫಿಲ್ಟರ್) ಹಾಕಿದ್ರ ಚಿತ್ರ ಚೊಕ್ಕ ಬರ್ತದ, ಆದ್ರ ಸ್ಪೀಡ್ 0.8 ದಾಟಲ್ಲ; ಲೈವ್ ಹಿಂದ ಬೀಳಬಾರದಂದ್ರ 1 ಬೇಕು. ಎನ್‌ಕೋಡರ್ (ವಿಡಿಯೊ ಕುಗ್ಗಿಸೋ ಭಾಗ) ತೆಗೆದು, ಎಲ್ಲೂ ಬರೀದೆ ನಲ್‌ಗೆ ಬಿಟ್ಟರೂ ಅಷ್ಟೇ, ಅಂದ್ರ ಭಾರ ಫಿಲ್ಟರಿಂದೇ ಇರಬೇಕು. 'ಯಾಡಿಫ್=0' ಕೊಟ್ರ 25 ಫ್ರೇಮ್‌ಗೆ ಇಳೀತದ, ತೇರಿನ ಗಾಲಿ ಜರ್ಕ್ ಹೊಡೀತದ. ಸ್ಕೇಲ್ ಮೊದಲು ಹಾಕಿದ್ರ ಎರಡೂ ಫೀಲ್ಡಿನ ಗೆರಿ ಕಲಸಿ ಗಾಲಿ ಅಂಚಿಗೆ ಬಾಚಣಿಕಿ ಹಲ್ಲು ಮೂಡ್ತಾವ. ಆಮೇಲೆ ಯಾಡಿಫ್ ಹಾಕಿದ್ರೂ ಹೋಗಂಗಿಲ್ಲ.

ಈಗ ಎರಡು ದಾರಿ ಕಾಣ್ತಾವ. ಯಾಡಿಫ್‌ಗಿಂತ ಮೊದಲು ಅಗಲ ಅಷ್ಟೇ ಇಳಿಸೋದು, 'ಸ್ಕೇಲ್=1280:1080', ಎತ್ತರ ಯಾಡಿಫ್ ಆದ ಮ್ಯಾಲೆ; ಅಡ್ಡಕ್ಕ ಇಳಿಸಿದ್ರ ಫೀಲ್ಡ್ ಕಲಸಂಗಿಲ್ಲ. ಇಲ್ಲಾಂದ್ರ ಸ್ಕೇಲಿಗೆ 'ಇಂಟರ್ಲ್=1' (ಎರಡೂ ಫೀಲ್ಡ್ ಬ್ಯಾರೆ ಬ್ಯಾರೆ ಇಳಿಸು ಅಂತ) ಕೊಟ್ಟು ಎತ್ತರಾನೂ ಮೊದಲೇ ಇಳಿಸೋದು, ಆದ್ರ ಪ್ರತಿ ಫೀಲ್ಡಿಗೆ 360 ಗೆರಿ ಅಷ್ಟೇ ಉಳೀತಾವ. ತೇರಿನ ಕೆತ್ತನಿ ಮಸುಕಾಗಬಾರದು, ಸ್ಪೀಡೂ 1 ಮುಟ್ಟಬೇಕಂದ್ರ ಯಾವುದು ಹಾಕಬೇಕ್ರಿ?