ಯಕೃತ್ತಿನಲ್ಲಿ ಗ್ಲೈಕೋಜನ್ ಕಟ್ಟುವುದೂ ಒಡೆಯುವುದೂ ಒಟ್ಟಿಗೆ ನಡೆಯುವುದಿಲ್ಲವೇಕೆ?

ಪ್ರಶ್ನೆ (ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ):
ಗ್ಲೂಕೋಸನ್ನು ಕೂಡಿಡುವ ಸರಪಣಿ ಅಣುವಾದ ಗ್ಲೈಕೋಜನನ್ನು ಕಟ್ಟುವ ಸಿಂಥೇಸ್ ಮತ್ತು ಅದನ್ನು ಒಡೆಯುವ ಫಾಸ್ಫೊರಿಲೇಸ್, ಈ ಎರಡೂ ಕಿಣ್ವಗಳು ಯಕೃತ್ತಿನ ಒಂದೇ ಜೀವಕೋಶದಲ್ಲಿವೆ. ಹಾಗಿದ್ದೂ ಊಟದ ನಂತರ ಒಡೆಯುವ ಕೆಲಸ ನಿಂತು ಕಟ್ಟುವ ಕೆಲಸ ಮಾತ್ರ ಸಾಗುವುದು ಹೇಗೆ? ನಮ್ಮ ಪಠ್ಯವು ಇದನ್ನು ಇನ್ಸುಲಿನ್‌ನ ಕೆಲಸವೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ.

ಉತ್ತರ 1:
ಫಾಸ್ಫೇಟ್ ಅಂಟಿಕೊಂಡರೆ ಫಾಸ್ಫೊರಿಲೇಸ್ ಚುರುಕಾಗುತ್ತದೆ, ಸಿಂಥೇಸ್ ಮಂದವಾಗುತ್ತದೆ. ಉಪವಾಸದಲ್ಲಿ ಗ್ಲುಕಗಾನ್ ಹಾರ್ಮೋನು ಜೀವಕೋಶದೊಳಗಿನ ಸಂದೇಶವಾಹಕ ಅಣುವಾದ ಸೈಕ್ಲಿಕ್ ಎಎಂಪಿಯ ಮೂಲಕ ಎರಡಕ್ಕೂ ಫಾಸ್ಫೇಟ್ ಅಂಟಿಸುತ್ತದೆ. ಊಟವಾದ ಮೇಲೆ ಇನ್ಸುಲಿನ್ ಆ ಫಾಸ್ಫೇಟನ್ನು ತೆಗೆಯುವ ಕಡೆಗೆ ಜೀವಕೋಶವನ್ನು ತಿರುಗಿಸುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿ, ಆದರೆ ಅದರಲ್ಲಿ ಗ್ಲೂಕೋಸ್ ಸ್ವತಃ ವಹಿಸುವ ಪಾತ್ರ ಬಿಟ್ಟುಹೋಗಿದೆ. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ ಅದೇ. ಗ್ಲೂಕೋಸನ್ನು ಜೀವಕೋಶದೊಳಗೆ ಬಿಡುವ ಯಕೃತ್ತಿನ ಗ್ಲೂಟ್-2 ವಾಹಕಕ್ಕೆ ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲವಾದ್ದರಿಂದ, ರಕ್ತದಲ್ಲಿ ಸಕ್ಕರೆ ಏರಿದಂತೆ ಜೀವಕೋಶದೊಳಗೂ ಏರುತ್ತದೆ. ಒಳಬಂದ ಗ್ಲೂಕೋಸ್ ಚುರುಕಾಗಿರುವ ಫಾಸ್ಫೊರಿಲೇಸ್‌ಗೆ ಅಂಟಿಕೊಂಡು ಅದರ ಆಕಾರವನ್ನು ಬದಲಿಸಿದಾಗ, ಅದುವರೆಗೆ ಮರೆಯಲ್ಲಿದ್ದ ಫಾಸ್ಫೇಟ್ ಹೊರಗೆ ತೆರೆದುಕೊಳ್ಳುತ್ತದೆ ಮತ್ತು ಫಾಸ್ಫಟೇಸ್ ಕಿಣ್ವವು ಅದನ್ನು ಕತ್ತರಿಸಿಹಾಕುತ್ತದೆ. ಸಿಂಥೇಸ್‌ನ ಫಾಸ್ಫೇಟನ್ನು ತೆಗೆಯಬೇಕಾದದ್ದೂ ಇದೇ ಫಾಸ್ಫಟೇಸ್. ಆದರೆ ಚುರುಕಾದ ಫಾಸ್ಫೊರಿಲೇಸ್ ಸಾಕಷ್ಟು ಇರುವತನಕ ಅದು ಫಾಸ್ಫಟೇಸನ್ನು ಸಿಂಥೇಸ್‌ನ ಗೊಡವೆಗೆ ಹೋಗದಂತೆ ತಡೆದಿಡುತ್ತದೆ. ಹೀಗಾಗಿ ಒಡೆಯುವ ಕಿಣ್ವ ಬಹುಮಟ್ಟಿಗೆ ಮಂದವಾದ ಮೇಲಷ್ಟೇ ಕಟ್ಟುವ ಕಿಣ್ವಕ್ಕೆ ಸರದಿ ಬರುತ್ತದೆ, ನಡುವೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಬೆಲ್ಜಿಯಂನ ಜೀವರಸಾಯನಶಾಸ್ತ್ರಜ್ಞ ಎರ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ವಿಳಂಬವನ್ನೇ ಆಧಾರವಾಗಿಟ್ಟುಕೊಂಡು, ಫಾಸ್ಫೊರಿಲೇಸ್ ಯಕೃತ್ತಿನ ಗ್ಲೂಕೋಸ್ ಮಾಪಕವೆಂದು ವಾದಿಸಿದರು.

ಇದರ ಜೊತೆಗೆ, ಒಳಬಂದ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಜೀವಕೋಶದಲ್ಲೇ ಹಿಡಿದಿಡುವ ಗ್ಲುಕೊಕೈನೇಸ್ ಕಿಣ್ವವೂ ಇದೆ. ಅದು ಅರ್ಧ ವೇಗ ತಲುಪುವುದಕ್ಕೆ ಸುಮಾರು 8 ಮಿಲಿಮೋಲಾರ್, ಎಂದರೆ ಡೆಸಿಲೀಟರಿಗೆ 144 ಮಿಲಿಗ್ರಾಂ ಗ್ಲೂಕೋಸ್ ಬೇಕು. ಆದ್ದರಿಂದ ಉಪವಾಸದಲ್ಲಿ ಅದು ಹೆಚ್ಚು ಸಕ್ಕರೆಯನ್ನು ಹಿಡಿದಿಡುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಸ್ನಾಯುವಿನಲ್ಲಿರುವ ಗ್ಲೈಕೋಜನ್ ರಕ್ತಕ್ಕೆ ಸಕ್ಕರೆ ಒದಗಿಸುವುದಿಲ್ಲವೇ?

ಉತ್ತರ 2 ಬರೆದವರು:
ನೇರವಾಗಿ ಇಲ್ಲ. ವಯಸ್ಕರಲ್ಲಿ ಯಕೃತ್ತಿನ ಗ್ಲೈಕೋಜನ್ ಸುಮಾರು 100 ಗ್ರಾಂ, ಸ್ನಾಯುಗಳದ್ದು ಅದರ ಹಲವು ಪಟ್ಟು. ಆದರೂ ಗ್ಲೈಕೋಜನ್ ಒಡೆದು ಬರುವ ಗ್ಲೂಕೋಸ್-6-ಫಾಸ್ಫೇಟಿನಿಂದ ಫಾಸ್ಫೇಟನ್ನು ಬಿಡಿಸಿ ಗ್ಲೂಕೋಸನ್ನು ಹೊರಬಿಡುವ ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವವು ಸ್ನಾಯುವಿನಲ್ಲಿ ಇಲ್ಲದ್ದರಿಂದ ಅಲ್ಲಿಯ ದಾಸ್ತಾನು ಅಲ್ಲಿಯೇ ಖರ್ಚಾಗುತ್ತದೆ. ಈ ಕಿಣ್ವ ಯಕೃತ್ತಿನಲ್ಲೂ ಇಲ್ಲದೆ ಹುಟ್ಟುವ ಮಕ್ಕಳಿಗೆ ಫಾನ್ ಗೀರ್ಕೆ ಕಾಯಿಲೆ ಬರುತ್ತದೆ: ಯಕೃತ್ತು ಗ್ಲೈಕೋಜನ್ ತುಂಬಿ ಊದಿಕೊಂಡಿದ್ದರೂ ಹಾಲೂಡುವುದು ಕೆಲವೇ ಗಂಟೆ ತಡವಾದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ.