8000 ವ್ಯಾಟ್ ಡಬ್ಬವೋ, 40 ವ್ಯಾಟ್ ಸ್ಟೀರಿಯೊನೋ? ಆಂಪ್ಲಿಫೈಯರ್ ಪವರ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯರು): ಸರ್, ಮನೆಗೆ ಆಂಪ್ಲಿಫೈಯರ್ ತಗೋಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ನೋಡಿದೆ. ಒಂದು 5.1 ಹೋಂ ಥಿಯೇಟರ್. ಡಬ್ಬದ ಮೇಲೆ '8000 ವ್ಯಾಟ್ ಪಿಎಂಪಿಒ' ಅಂತಿದೆ, ಹಿಂದಿನ ಲೇಬಲ್‌ನಲ್ಲಿ ಮಾತ್ರ 230 ವೋಲ್ಟ್, 70 ವ್ಯಾಟ್. ಇನ್ನೊಂದು ಬರೀ ಸ್ಟೀರಿಯೊ: '40+40 ವ್ಯಾಟ್ ಆರ್‌ಎಂಎಸ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಟಿಎಚ್‌ಡಿ 0.1%'. ಹಾಲ್ 12×14 ಅಡಿ. ಭಾವಗೀತೆ, ಹಿಂದೂಸ್ತಾನಿ ಹೆಚ್ಚು ಕೇಳ್ತೀವಿ. ಯಾವುದು ತಗೊಳ್ಳಲಿ?

ಉತ್ತರ (ಆಡಿಯೊ ಟೆಕ್ನೀಷಿಯನ್): ಸ್ಟೀರಿಯೊ ತಗೊಳ್ಳಿ. ಹಿಂದಿನ ಲೇಬಲ್ ನೋಡಿದ್ದು ತುಂಬಾ ಒಳ್ಳೇದಾಯ್ತು, ಅಲ್ಲಿರೋ 70 ವ್ಯಾಟ್ ಅಂದ್ರೆ ಅದು ಸಾಕೆಟ್‌ನಿಂದ ಎಳೆಯೋ ಪವರ್. ಪಿಎಂಪಿಒ ಅಂದ್ರೆ ಕ್ಷಣಮಾತ್ರ ಬರುತ್ತೆ ಅಂತ ಕಂಪನಿ ಹೇಳಿಕೊಳ್ಳೋ ಗರಿಷ್ಠ ಪವರ್; ಆರ್‌ಎಂಎಸ್ ಅಂದ್ರೆ ಸತತವಾಗಿ ಕೊಡೋ ಪವರ್; ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆಯ ಅಳತೆ; ಟಿಎಚ್‌ಡಿ ಅಂದ್ರೆ ಡಿಸ್ಟಾರ್ಷನ್, ಅಂದ್ರೆ ದನಿ ಎಷ್ಟು ಕೆಡುತ್ತೆ ಅನ್ನೋದು.

8000 ವ್ಯಾಟ್ ನಿಜವಾಗಿ ಬೇಕಂದ್ರೆ 230 ವೋಲ್ಟಿನಲ್ಲಿ ಸುಮಾರು 35 ಆಂಪಿಯರ್ ಕರೆಂಟ್ ಎಳೀಬೇಕು. ಗೀಸರ್‌ಗೆ ಹಾಕೋ ದಪ್ಪ ಸಾಕೆಟ್ಟೇ 16 ಆಂಪಿಯರ್‌ದು. ಆ ಹೋಂ ಥಿಯೇಟರಿನ ಸಣ್ಣ ವೈರ್ ನೋಡಿದ್ರೇ ಗೊತ್ತಾಗುತ್ತೆ. ಕೆಲವು ಕಂಪನಿಗಳು ಲೇಬಲ್ ಅಂಕಿಯನ್ನು ಪೂರ್ತಿ ವಾಲ್ಯೂಮ್‌ನಲ್ಲಿ ಅಳೆಯಲ್ಲ, ಎಂಟನೇ ಒಂದು ಭಾಗದ ಪವರ್‌ನಲ್ಲಿ ಅಳೆದು ಹಾಕ್ತಾರೆ ಅನ್ನೋದೂ ನಿಜ. ಆ ರಿಯಾಯಿತಿ ಕೊಟ್ಟರೂ 8000ದ ಹತ್ತಿರಕ್ಕೂ ಹೋಗಲ್ಲ. ಒಳಗೆ ಹೋದದ್ದೆಲ್ಲ ಸ್ಪೀಕರ್‌ಗೆ ಬರೋದೂ ಇಲ್ಲ. ಆಂಪ್ ಕ್ಲಾಸ್ ಡಿ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡೋ ಬಗೆ) ಆದ್ರೆ ಸುಮಾರು 90% ಬಂದೀತು. ಕ್ಲಾಸ್ ಎಬಿ (ಹಳೇ ಬಗೆ) ಆದ್ರೆ ಲೆಕ್ಕದ ಮಿತಿಯೇ 78.5%, ಮಿಕ್ಕಿದ್ದು ಹೀಟ್‌ಸಿಂಕ್ ಬಿಸಿ ಮಾಡುತ್ತೆ.

ಪಿಎಂಪಿಒ ಅಳೆಯೋಕೆ ಒಪ್ಪಿತವಾದ ಯಾವ ವಿಧಾನವೂ ಇಲ್ಲ. ಹಾಗಾಗಿ ಎರಡು ಪಿಎಂಪಿಒ ಅಂಕಿಗಳನ್ನು ಹೋಲಿಸಿ ನೋಡೋದೂ ವ್ಯರ್ಥ. ಈ ಸಮಸ್ಯೆ ಹಳೇದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಮನೆ ಆಂಪ್ಲಿಫೈಯರ್‌ಗಳ ಪವರ್ ಹೇಳೋಕೆ ನಿಯಮ ತಂದಿತು: ಸತತವಾಗಿ ಕೊಡೋ ಪವರ್ ಎಷ್ಟು, ಎಷ್ಟು ಓಮ್‌ಗೆ, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ. ನಿಮ್ಮ ಸ್ಟೀರಿಯೊದವರು ಇಷ್ಟನ್ನೂ ಬರೆದಿದ್ದಾರೆ. ಅಂಥ ಅಂಕಿಯನ್ನ ಅಳತೆ ಮಾಡಿ ಸರಿಯೋ ತಪ್ಪೋ ಹೇಳಬಹುದು.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ನಮ್ಮನೇಲಿರೋ ಎವಿ ರಿಸೀವರ್‌ಗೆ (ಟಿವಿ, ಹಲವು ಸ್ಪೀಕರ್ ಜೋಡಿಸೋ ಆಂಪ್) 'ಪ್ರತಿ ಚಾನೆಲ್‌ಗೆ 100 ವ್ಯಾಟ್, 6 ಓಮ್, 1 ಕಿಲೋಹರ್ಟ್ಸ್, ಟಿಎಚ್‌ಡಿ 10%, ಒಂದು ಚಾನೆಲ್' ಅಂತಿದೆ. ಇದರಲ್ಲೂ ಎಲ್ಲಾ ವಿವರ ಇದೆಯಲ್ಲ ಸರ್, ಹಾಗಾದ್ರೆ ಮೇಲಿನ 40ಕ್ಕಿಂತ ಎರಡೂವರೆ ಪಟ್ಟಾ?

ಉತ್ತರ: ಇಲ್ಲ. ಇಲ್ಲಿ ಸುಳ್ಳು ಹೇಳಿಲ್ಲ, ಆದ್ರೆ ಎಲ್ಲಾ ಷರತ್ತುಗಳನ್ನೂ ಅಂಕಿ ದೊಡ್ಡದಾಗೋ ಹಾಗೇ ಆರಿಸಿದ್ದಾರೆ. ಟಿಎಚ್‌ಡಿ 10% ಅಂದ್ರೆ ಅಲೆಯ ತಲೆ ಚಪ್ಪಟೆಯಾಗಿ ದನಿ ಒಡೆದು ಕೇಳೋ ಹಂತ. ದನಿ ಶುದ್ಧವಾಗಿರೋ ಹಂತಕ್ಕೆ ಇಳಿಸಿದರೆ 100ರ ಜಾಗದಲ್ಲಿ 75–80 ವ್ಯಾಟ್ ಉಳಿಯುತ್ತೆ. ಅದೂ 6 ಓಮ್‌ಗೆ. ಅದೇ ವೋಲ್ಟೇಜನ್ನು 8 ಓಮ್ ಸ್ಪೀಕರ್‌ಗೆ ಕೊಟ್ಟರೆ ಪವರ್ ಮುಕ್ಕಾಲಾಗುತ್ತೆ, ಅಂದ್ರೆ 60ರ ಆಸುಪಾಸು. ಒಂದು ಚಾನೆಲ್ ಮಾತ್ರ ಓಡಿಸಿ ಅಳೆದಿದ್ದಾರೆ, ಆಗ ಪವರ್ ಸಪ್ಲೈ ಪೂರ್ತಿ ಅದೊಂದಕ್ಕೇ ಸಿಗುತ್ತೆ. ಎಲ್ಲಾ ಚಾನೆಲ್‌ಗಳೂ ಒಟ್ಟಿಗೆ ಓಡಿದ್ರೆ ಇನ್ನೂ ಇಳಿಯುತ್ತೆ. 40+40 ಇರೋ ಆಂಪ್‌ಗೂ ಇದಕ್ಕೂ ಕೇಳೋದರಲ್ಲಿ ದೊಡ್ಡ ಅಂತರ ಇರಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯರು): ಕಾರ್ ಸ್ಟೀರಿಯೊ ಮೇಲೆ '50×4' ಅಂತಿರುತ್ತಲ್ಲ?

ಉತ್ತರ: ಇದನ್ನ ನೀವೇ ಲೆಕ್ಕ ಹಾಕಬಹುದು. ವೋಲ್ಟೇಜ್‌ನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಪವರ್. ಎಂಜಿನ್ ಓಡುವಾಗ ಬ್ಯಾಟರಿ ಲೈನ್‌ನಲ್ಲಿ ಸುಮಾರು 14.4 ವೋಲ್ಟ್, ಕಾರ್ ಸ್ಪೀಕರ್ 4 ಓಮ್. 14.4 × 14.4 ÷ 4 = ಸುಮಾರು 52. ಆ 50 ಬಂದದ್ದು ಇಲ್ಲಿಂದಲೇ, ಅಂದ್ರೆ ಸಂಗೀತದ ಅಲೆ ಪೂರ್ತಿ ಚೌಕವಾಗಿ ಹೋದಾಗ. ಶುದ್ಧ ಅಲೆಗೆ ಅದರರ್ಧ, 26; ಒಳಗಿನ ನಷ್ಟ ಕಳೆದು ಕೈಗೆ ಸಿಗೋದು 18–20. ಪ್ರತ್ಯೇಕ ಆಂಪ್ ಹಾಕಿದಾಗ ಹೆಚ್ಚು ಸಿಗುತ್ತೆ, ಯಾಕಂದ್ರೆ ಅದರೊಳಗೆ ವೋಲ್ಟೇಜ್ ಏರಿಸೋ ಸಪ್ಲೈ ಇರುತ್ತೆ. ಆನ್‌ಲೈನ್‌ನಲ್ಲಿ ಸಿಗೋ '50+50' ಬೋರ್ಡ್‌ಗಳಿಗೂ ಇದೇ ಲೆಕ್ಕ. 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಕೊಡೋದೇ 24 ವ್ಯಾಟ್. ಅದಕ್ಕೆ ಎಂಥ ಬೋರ್ಡ್ ಹಾಕಿದರೂ ಎರಡು ಚಾನೆಲ್‌ನಿಂದ 100 ವ್ಯಾಟ್ ಸತತವಾಗಿ ಬರಲ್ಲ.

ಪ್ರಶ್ನೆ (ಹಾಸನದ ಸದಸ್ಯರು): ಧನ್ಯವಾದ ಸರ್. ನನ್ನ ಹತ್ರ 87 ಡೆಸಿಬೆಲ್ ಅಂತ ಬರೆದಿರೋ ಹಳೇ ಸ್ಪೀಕರ್ ಇದೆ, 8 ಓಮ್. 40 ಸಾಕಾಗುತ್ತಾ? ಸ್ವಲ್ಪ ದುಡ್ಡು ಹಾಕಿ 60ರದ್ದು ತಗೊಳ್ಳಲಾ?

ಉತ್ತರ: ಬೇಡ. 40ರಿಂದ 60ಕ್ಕೆ ಹೋದ್ರೆ ಏರೋದು ಬರೀ 1.8 ಡೆಸಿಬೆಲ್, ಗಮನವಿಟ್ಟು ಕೇಳಿದರಷ್ಟೇ ಗೊತ್ತಾಗುತ್ತೆ. ಪವರ್ ಇಮ್ಮಡಿಯಾದ್ರೂ 3 ಡೆಸಿಬೆಲ್ಲೇ. ಕಿವಿಗೆ ಸದ್ದು ಎರಡರಷ್ಟು ಅನ್ನಿಸೋಕೆ ಸುಮಾರು ಹತ್ತು ಪಟ್ಟು ಪವರ್ ಬೇಕು.

87 ಡೆಸಿಬೆಲ್ ಅಂದ್ರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಬರೋ ಸದ್ದು. 40 ವ್ಯಾಟ್‌ಗೆ ಅದರ ಮೇಲೆ 16 ಸೇರುತ್ತೆ, 103. ನೀವು 3 ಮೀಟರ್ ದೂರ ಕೂತರೆ 9–10 ಕಳೀರಿ, ಎರಡು ಸ್ಪೀಕರ್‌ಗೆ 3 ಕೂಡಿಸಿ: 96ರ ಸುತ್ತ. ನಿಮ್ಮ ಹಾಲ್‌ಗೆ ಅದು ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಜೋರು. ಸಂಜೆ ಮಾಮೂಲಾಗಿ ಕೇಳುವಾಗ 1 ವ್ಯಾಟ್ ಕೂಡ ಖರ್ಚಾಗಲ್ಲ. ಮಿಕ್ಕದ್ದು ತಬಲಾದ ಪೆಟ್ಟು, ತಾರಸ್ಥಾಯಿಯ ತಾನ ಥಟ್ಟನೆ ಬಂದಾಗ ಒಡೆಯದೆ ನಿಲ್ಲೋಕೆ.

ಇದೇ ಲೆಕ್ಕ ತಿರುಗಿಸಿದರೆ, 90 ಡೆಸಿಬೆಲ್ ಸ್ಪೀಕರ್ ತಂದ್ರೆ ಆಂಪ್ ಪವರ್ ಇಮ್ಮಡಿ ಮಾಡಿದಷ್ಟೇ ಲಾಭ. ಹೆಚ್ಚಿನ ದುಡ್ಡಿದ್ದರೆ ಅಲ್ಲಿ ಹಾಕಿ. ಸದ್ಯಕ್ಕೆ ಹಳೇ ಸ್ಪೀಕರನ್ನೇ ಅಂಗಡಿಗೆ ಒಯ್ದು, ಆ ಸ್ಟೀರಿಯೊಗೆ ಜೋಡಿಸಿ, ನೀವು ದಿನಾ ಕೇಳೋ ಹಾಡು ಹಾಕಿಸಿ ಕೇಳಿ.