ಎಮರ್ಜೆನ್ಸಿ ಶಟಾಫ್ ಸ್ವಿಚ್‌ಗೆ ಕನ್ನಡದಲ್ಲಿ ಏನಂತ ಬರೀಬೇಕು?

ಎಲ್ರಿಗೂ ನಮಸ್ಕಾರ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಮನೆ ಬೆಚ್ಚಗಿಡೋಕೆ ಎಣ್ಣೆ ಉರಿಸೋ ಬಾಯ್ಲರ್ ಇರೋ ಮನೆ ನಮ್ದು, ಚಳಿಗಾಲದಲ್ಲಿ ಅಪ್ಪ ಅಮ್ಮ ಬಂದಿರ್ತಾರೆ, ಬೇಸ್‌ಮೆಂಟ್ ಮೆಟ್ಟಿಲಿನ ಮೇಲ್ಗಡೆ ಕೆಂಪು ಪ್ಲೇಟಿನ ಸ್ವಿಚ್ ಇರುತ್ತಲ್ಲ, ಅದೇ ಎಮರ್ಜೆನ್ಸಿ ಶಟಾಫ್, ಅದ್ರ ಪಕ್ಕ ಕನ್ನಡದಲ್ಲಿ ಒಂದು ಚೀಟಿ ಅಂಟಿಸ್ಬೇಕು.

ಈ ಸ್ವಿಚ್ ಬರ್ನರ್‌ಗೆ, ಅಂದ್ರೆ ಬಾಯ್ಲರ್‌ನಲ್ಲಿ ಎಣ್ಣೆ ಉರಿಸೋ ಭಾಗಕ್ಕೆ, ಹೋಗೋ ಕರೆಂಟ್ ಕಟ್ ಮಾಡುತ್ತೆ, ಮೋಟರ್ ನಿಂತು ಎಣ್ಣೆ ಪಂಪ್ ಆಗೋದೂ ನಿಲ್ಲುತ್ತೆ, ಅಷ್ಟೇ, ಆಗ್ಲೇ ಬಾಯ್ಲರ್ ಹೊರಗೆ ಹತ್ಕೊಂಡಿರೋ ಬೆಂಕೀನ ನಂದಿಸಲ್ಲ. ಎನ್‌ಎಫ್‌ಪಿಎ 31 (ಎಣ್ಣೆ ಉರಿಸೋ ಉಪಕರಣಗಳಿಗೆ ಅಮೆರಿಕದಲ್ಲಿರೋ ಸುರಕ್ಷತಾ ನಿಯಮ) ಕೋಡ್ ಪ್ರಕಾರ ಇದು ಬಾಯ್ಲರ್ ರೂಮಿನ ಹೊರಗೆ, ಬಾಗಿಲ ಹತ್ರಾನೇ ಇರ್ಬೇಕು, ಹೊಗೆ ತುಂಬಿದಾಗ ಯಾರೂ ಒಳಗೆ ಹೋಗೋ ಹಾಗಾಗಬಾರ್ದು ಅಂತ. ರಿಪೇರಿಯವ್ರಿಗೆ ಅಂತ ಬಾಯ್ಲರ್ ಪಕ್ಕದಲ್ಲೇ ಇರೋ ಡಿಸ್‌ಕನೆಕ್ಟ್ ಸ್ವಿಚ್ಚೇ ಬೇರೆ, ಎರಡಕ್ಕೂ ಒಂದೇ ಹೆಸರು ಕೊಟ್ರೆ ಗೊಂದಲ ಆಗುತ್ತೆ.

'ತುರ್ತು ನಿಲುಗಡೆ' ಅಂದ್ರೆ ನಂಗೆ ಬಸ್ಸೇ ಕಣ್ಮುಂದೆ ಬರುತ್ತೆ. 'ಆರಿಸಿ' ಅಂತ ಬರೆದ್ರೆ ಬೆಂಕಿ ಆರಿಸುತ್ತೆ ಅನ್ನೋ ತಪ್ಪು ಧೈರ್ಯ ಬರುತ್ತೆ, ಅದು ನಿಜವಾಗ್ಲೂ ಅಪಾಯ, ಮನೆಯಿಂದ ಹೊರಗೆ ಓಡೋ ಬದ್ಲು ಅಲ್ಲೇ ನಿಂತ್ಕೋತಾರೆ. ನಮ್ಮ ಕಡೆ 'ಲೈಟ್ ತೆಗಿ' ಅಂದ್ರೆ ಆಫ್ ಮಾಡು, 'ನಲ್ಲಿ ತೆಗಿ' ಅಂದ್ರೆ ಬಿಡು, ಹಂಗಾಗಿ 'ತೆಗಿ' ಬೇಡ್ವೇ ಬೇಡ. 'ಬಂದ್ ಮಾಡಿ' ಅನ್ನೋದು ಬೆಂಕಿ ಆರಿಸೋ ಭರವಸೇನೂ ಕೊಡಲ್ಲ, ಎಲ್ಲಾ ಕಡೆ ಅರ್ಥಾನೂ ಆಗುತ್ತೆ, ನಂಗೆ ಅದೇ ಸರಿ ಅನ್ಸುತ್ತೆ.

ಇನ್ನೊಂದು ಮುಖ್ಯ ವಿಷ್ಯ, ಊರಲ್ಲಿ ಸ್ವಿಚ್ ಕೆಳಗೆ ಒತ್ತಿದ್ರೆ ಆನ್, ಅಮೆರಿಕದಲ್ಲಿ ಮೇಲೆ ಮಾಡಿದ್ರೆ ಆನ್, ಕೆಳಗೆ ಆಫ್. ಗಾಬರೀಲಿ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತೆ, ಅದಕ್ಕೆ ದಿಕ್ಕೂ ಚೀಟೀಲಿ ಇರ್ಲೇಬೇಕು. ಲೈಟ್ ಸ್ವಿಚ್ ಅಂದ್ಕೊಂಡು ಯಾರಾದ್ರೂ ಆಫ್ ಮಾಡ್ಬಿಟ್ರೆ ಮನೆ ತಣ್ಣಗಾಗಿ ಪೈಪ್ ನೀರೂ ಹೆಪ್ಪುಗಟ್ಟಬಹುದು, ಅದೂ ಒಂದು ಭಯ.

ಸದ್ಯಕ್ಕೆ ಬರೆದಿರೋದು: 'ಬಾಯ್ಲರ್ ಸ್ವಿಚ್, ಲೈಟಿನದಲ್ಲ. ಹೊಗೆ, ಬೆಂಕಿ ಕಂಡ್ರೆ ಮಾತ್ರ ಕೆಳಗೆ ಮಾಡಿ ಬಂದ್ ಮಾಡಿ, ತಕ್ಷಣ ಮನೆಯಿಂದ ಹೊರಗೆ ಹೋಗಿ, 911ಕ್ಕೆ ಫೋನ್ ಮಾಡಿ.'

ಕೆಳಗೆ 'ಮಾಡಿ' ಅನ್ನೋದಾ, 'ಎಳೀರಿ' ಅನ್ನೋದಾ, 'ಒತ್ತಿ' ಅನ್ನೋದಾ? ಧಾರವಾಡ, ಮಂಗಳೂರು ಕಡೆಯವ್ರು ಮನೇಲಿ ಹೇಗೆ ಹೇಳ್ತೀರ ತಿಳಿಸಿ.